ಸೊಳ್ಳೆಗೆ ಬೇಕಾದವರು

ನಾಲ್ಕು ಜನ ಕೂತಿರುವ ಕಡೆ ನಾನೂ ಹೋಗಿ ಕೂತರೆ ಉಳಿದವರಿಗೆ ನೆಮ್ಮದಿ. ಇದ್ದಬದ್ದ ಸೊಳ್ಳೆಯೆಲ್ಲ ಅವರನ್ನು ಬಿಟ್ಟು ನನ್ನ ಕಡೆ ತಿರುಗುತ್ತವೆ. ಚಿಕ್ಕಂದಿನಲ್ಲಿ ನಮ್ಮವ್ವ ಇದಕ್ಕೆ "ನಿಂದು ಸೀ ರಕ್ತ ಕಣ್ಲಾ" ಅನ್ನುತ್ತಿದ್ದಳು. ನಾನು ಅದನ್ನು ನಂಬಿ, ಏನೋ ಹುಟ್ಟಿನಿಂದ ಬಂದ ಸಂಪತ್ತು ಎಂದು ಬಹಳ ಕಾಲ ಬೀಗಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು, ನನ್ನ ರಕ್ತದಲ್ಲಿ ಸಿಹಿಯೂ ಇಲ್ಲ, ಮಣ್ಣೂ ಇಲ್ಲ ಎಂದು.

ನಾನು ಆರೋಗ್ಯ ಇಲಾಖೆಯಲ್ಲಿ ಕೀಟ ಸಂಗ್ರಾಹಕನಾಗಿದ್ದೆ. ಊರವರ ಬಾಯಲ್ಲಿ ಸೊಳ್ಳೆ ಹಿಡಿಯೋನು. ಬಂಗಾರಪೇಟೆ, ಕೆಜಿಎಫ್, ಕ್ಯಾಸಂಬಳ್ಳಿ, ಸುತ್ತಮುತ್ತಲ ಹಳ್ಳಿಗಳು, ಇಷ್ಟೇ ನನ್ನ ಪ್ರಪಂಚ. ಹೊಸದಾಗಿ ಈ ಕೆಲಸಕ್ಕೆ ಬರುವವರು ಈಗಲೂ ಫೋನ್ ಮಾಡುತ್ತಾರೆ, "ಅಣ್ಣಾ, ಏನೇನು ಓದ್ಕೋಬೇಕು" ಎಂದು ಕೇಳುತ್ತಾರೆ. ಓದುವುದನ್ನು ತರಬೇತಿಯಲ್ಲಿ ಹೇಳಿಕೊಡುತ್ತಾರಪ್ಪ. ಅಲ್ಲಿ ಬಿಟ್ಟುಹೋಗುವುದನ್ನು ನಾನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಯ ಪುರಾಣ ಇದರಲ್ಲಿ ಇಲ್ಲ, ಅದನ್ನು ಓದಿ ಯಾರೂ ಉದ್ಧಾರ ಆಗಿಲ್ಲ.

ನಮ್ಮ ಆಯುಧ ಒಂದು ಗಾಜಿನ ಕೊಳವೆ. ಅದಕ್ಕೆ ಉದ್ದನೆಯ ರಬ್ಬರ್ ನಳಿಕೆ, ಎರಡೂ ಸೇರುವ ಕಡೆ ಒಂದು ಚೂರು ಬಲೆ ಬಟ್ಟೆ. ನಳಿಕೆಯ ತುದಿ ನಮ್ಮ ಬಾಯಲ್ಲಿ. ದನದ ಕೊಟ್ಟಿಗೆಯ ಗೋಡೆಯ ಮೇಲೆ ಕೂತ ಸೊಳ್ಳೆಗೆ ಕೊಳವೆ ಹಿಡಿದು ಮೆಲ್ಲಗೆ ಉಸಿರು ಎಳೆದರೆ ಸೊಳ್ಳೆ ಕೊಳವೆಯೊಳಗೆ. ಬಲೆ ಬಟ್ಟೆ ಹರಿದಿದ್ದರೆ ಸೊಳ್ಳೆ ಹೊಟ್ಟೆಯೊಳಗೆ. ನನಗೆ ಎರಡೂ ಆಗಿದೆ. ಮೊದಲನೇ ಸಲ ಆದಾಗ ಊಟ ಸೇರಲಿಲ್ಲ, ಆಮೇಲೆ ಅಭ್ಯಾಸವಾಯಿತು.

ಇನ್ನೊಂದು ವಿಧಾನವಿತ್ತು. ಒಬ್ಬ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ ಅಲುಗದೆ ಕೂರಬೇಕು. ಅವನ ಕಾಲ ಮೇಲೆ ಸೊಳ್ಳೆ ಇಳಿದ ಕೂಡಲೇ, ಕಚ್ಚುವುದಕ್ಕೆ ಮುಂಚೆ, ಇನ್ನೊಬ್ಬ ಕೊಳವೆಯಲ್ಲಿ ಎಳೆದುಕೊಳ್ಳಬೇಕು. ಯಾವ ಜಾತಿಯ ಸೊಳ್ಳೆ ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆ ಎಂದು ತಿಳಿಯಲು ಆಗ ಇದೇ ದಾರಿ. ಈಗ ಬ್ಯಾಟರಿ ಹಾಕಿದ ಬಲೆಪೆಟ್ಟಿಗೆಗಳು ಬಂದಿವೆ, ನಿಮ್ಮ ಪುಣ್ಯ. ನಮ್ಮ ಕಾಲದಲ್ಲಿ ಆ ಪೆಟ್ಟಿಗೆ ನಾನೇ ಆಗಿದ್ದೆ.

ನನ್ನನ್ನು ಮೊದಲು ಹೀಗೆ ಕೂರಿಸಿದವರು ನನ್ನ ಮೇಲಧಿಕಾರಿ ಆರೋಗ್ಯಸ್ವಾಮಿ ಸಾರ್. ಆಂಡರ್ಸನ್‌ಪೇಟೆಯವರು, ತಂದೆ ಕೆಜಿಎಫ್ ಚಿನ್ನದ ಗಣಿಯಲ್ಲಿ ದುಡಿದವರು. ಮನೆಯಲ್ಲಿ ತಮಿಳು, ಆಫೀಸಿನಲ್ಲಿ ಕನ್ನಡ, ಸಿಟ್ಟು ಬಂದರೆ ತೆಲುಗು. ಸಿಟ್ಟು ಬರುವುದು ಅಪರೂಪವಾದ್ದರಿಂದ ಅವರ ತೆಲುಗು ಬಹಳ ದಿನ ನನ್ನ ಕಿವಿಗೆ ಬಿದ್ದಿರಲಿಲ್ಲ.

ನಾನು ಮೊದಲ ದಿನ ಕೂರುವುದಕ್ಕೆ ಹೊರಟಾಗ ನಮ್ಮವ್ವ ಸುಮ್ಮನೆ ಕಳಿಸಲಿಲ್ಲ. ಮಗ ಸೊಳ್ಳೆಗಳ ಬಾಯಿಗೆ ಹೋಗುತ್ತಿದ್ದಾನೆ ಎಂದು ಸಂಕಟಪಟ್ಟು ಕಾಲಿಗೆ, ಕೈಗೆ, ಕುತ್ತಿಗೆಗೆ ಬೇವಿನೆಣ್ಣೆ ತಿಕ್ಕಿದಳು. ಬೇಡ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ. ಹೋಗಿ ಒಂದು ದನದ ಕೊಟ್ಟಿಗೆಯಲ್ಲಿ ಕೂತೆ. ಬಹಳ ಹೊತ್ತು ಕಾದರೂ ಒಂದು ಸೊಳ್ಳೆಯೂ ಕೂರಲಿಲ್ಲ. ಸಾರ್ ಹತ್ತಿರ ಬಂದರು, ಮೂಗು ಮುಂದೆ ಮಾಡಿ ಮೂಸಿದರು.

"ಏಂಪಾ ಮುನಿರಾಜು, ಮೀನು ಹಿಡಿಯೋಕೆ ಬಂದವನು ಗಾಳಕ್ಕೆ ಬೇವಿನೆಣ್ಣೆ ಸವರ್ಕೊಂಡು ಬಂದಿದ್ದೀಯಲ್ಲ."

"ಅವ್ವ ಹಚ್ಚಿದ್ಲು ಸಾರ್."

ಬೈಯುತ್ತಾರೆ ಎಂದುಕೊಂಡೆ. ಅವರು ಆ ಕೊಟ್ಟಿಗೆಯವರ ಹತ್ತಿರ ಒಂದು ಚೊಂಬು ನೀರು, ಒಂದು ತುಂಡು ಸಬಕಾರ ಕೇಳಿ ತಂದು ನನ್ನ ಮುಂದಿಟ್ಟರು. "ತೊಳ್ಕೋ. ಮನೇಲಿ ತೊಳೆದೆ ಅಂತ ಏಳಬೇಡ, ಅಮ್ಮಂಗೆ ಬೇಜಾರಾಗುತ್ತೆ" ಎಂದರು. ಅವತ್ತೇ ಆ ಮನುಷ್ಯನಿಗೆ ನಾನು ಸೋತೆ.

ಆಫೀಸಿನಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು. ಸೊಳ್ಳೆಗೆ ಮುನಿರಾಜು ಅಂದರೆ ಪ್ರಾಣ, ಆರೋಗ್ಯಸ್ವಾಮಿ ಸಾರ್ ಅಂದರೆ ಆಗುವುದಿಲ್ಲ. ಅದು ನಿಜವೂ ಅನ್ನಿಸುತ್ತಿತ್ತು. ಇಬ್ಬರೂ ಒಟ್ಟಿಗೆ ಕೊಟ್ಟಿಗೆಗೆ ಹೋಗಿ ಬಂದರೆ ನನ್ನ ಕಾಲು ತುಂಬ ದದ್ದು, ಅವರ ಕಾಲು ನುಣ್ಣಗೆ. "ಗಣಿ ಊರಿನ ನೀರು ಕುಡಿದು ಬೆಳೆದ ಮೈ, ಕಹಿ ಆಗಿದೆ" ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಆ ಧೈರ್ಯದ ಮೇಲೆ ಅವರು ಸೊಳ್ಳೆಪರದೆಯನ್ನೂ ಕಟ್ಟುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆಫೀಸಿನ ಹಿಂದಿನ ಕೋಣೆಯಲ್ಲಿ ಸೊಳ್ಳೆ ಗೂಡಿನ ಮುಂದೆ ನಾವಿಬ್ಬರೂ ಕೂತಿದ್ದೆವು. ನೀರಿನಲ್ಲಿ ಸಿಕ್ಕ ಮರಿಗಳನ್ನು ತಂದು, ಬೆಳೆಸಿ, ಯಾವ ಜಾತಿ ಎಂದು ಗುರುತಿಸಲು ಬಲೆ ಬಟ್ಟೆಯ ಪೆಟ್ಟಿಗೆ ಇಟ್ಟಿದ್ದೆವು. ಅಲ್ಲೇ ಹುಟ್ಟಿ ಬೆಳೆದ ಸೊಳ್ಳೆಗಳು, ಇನ್ನೂ ಯಾರ ರಕ್ತವನ್ನೂ ಕುಡಿಯದವು. ಸಾರ್‌ಗೆ ಏನೋ ಹೊಳೆಯಿತು. "ಬಾ, ಇಬ್ಬರೂ ಕೈ ಇಡೋಣ" ಎಂದರು. ನಾನು ಎಡಗೈ ಇಟ್ಟೆ, ಅವರು ಬಲಗೈ ಇಟ್ಟರು. ಮುಕ್ಕಾಲು ಪಾಲು ನನ್ನ ಕೈಗೆ ಬಂದವು. ಅದರಲ್ಲೇನೂ ಹೊಸತಿಲ್ಲ. ಆದರೆ ಒಂದೊಂದಾಗಿ ಅವರ ಕೈಗೂ ಬಂದವು, ಕೂತವು, ಹೊಟ್ಟೆ ಕೆಂಪಗಾಗುವ ತನಕ ಕುಡಿದವು. ಸಾರ್ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅವು ಎದ್ದುಹೋದ ಜಾಗಕ್ಕೆಲ್ಲ ಬಾಲ್‌ಪೆನ್ನಿನಿಂದ ಸುತ್ತು ಬರೆದರು. ಕಾಫಿ ಕುಡಿದು ಬಂದು ನೋಡಿದರೆ ನನ್ನ ಕೈ ಊದಿತ್ತು. ಅವರ ಕೈಯಲ್ಲಿ ಬಾಲ್‌ಪೆನ್ನಿನ ಸುತ್ತು ಬಿಟ್ಟರೆ ಬೇರೇನೂ ಇರಲಿಲ್ಲ.

"ಅಡಡಾ" ಎಂದರು ಸಾರ್. "ಇಷ್ಟು ವರ್ಷವೂ ಕಚ್ಚಿದಾವೆ ಪಾ. ನನಗೇ ಗೊತ್ತಾಗ್ಲಿಲ್ಲ."

ಬೇರೆ ಅಧಿಕಾರಿಯಾಗಿದ್ದರೆ ಇದನ್ನು ಅಲ್ಲಿಗೇ ನುಂಗಿಕೊಳ್ಳುತ್ತಿದ್ದರು. ಸಾರ್ ಮುಂದಿನ ಸಭೆಯಲ್ಲಿ ಎಲ್ಲರ ಎದುರು ನಿಂತು, ನಾನು ನಿಮಗೆ ಹೇಳಿಕೊಂಡು ಬಂದದ್ದು ತಪ್ಪು ಎಂದು ಶುರು ಮಾಡಿದರು. ಸೊಳ್ಳೆ ಯಾರ ಹತ್ತಿರ ಹೋಗುತ್ತದೆ ಎನ್ನುವುದು ಒಂದು ವಿಷಯ, ಕಚ್ಚಿದ ಮೇಲೆ ಯಾರ ಚರ್ಮ ಊದುತ್ತದೆ ಎನ್ನುವುದು ಬೇರೆ ವಿಷಯ, ದದ್ದು ನೋಡಿ ಲೆಕ್ಕ ಹಾಕುವವನು ಮೋಸ ಹೋಗುತ್ತಾನೆ ಎಂದರು. ಅವತ್ತಿನಿಂದ ಪರದೆ ಕಟ್ಟಿಕೊಂಡು ಮಲಗತೊಡಗಿದರು. ದೊಡ್ಡವರು ತಪ್ಪು ಒಪ್ಪಿಕೊಳ್ಳುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೆ ನೋಡಿದ್ದೂ ಕಡಿಮೆ.

ಹಾಗಾದರೆ ಸೊಳ್ಳೆ ಏನು ನೋಡಿ ಬರುತ್ತದೆ? ರಕ್ತದ ರುಚಿಯನ್ನಂತೂ ಅಲ್ಲ. ಕುಡಿಯುವ ಮುಂಚೆ ಅದಕ್ಕೆ ರುಚಿ ಹೇಗೆ ಗೊತ್ತಾಗಬೇಕು ಹೇಳಿ. ಮೊದಲು ಅದನ್ನು ಕರೆಯುವುದು ನಮ್ಮ ಉಸಿರು. ನಾವು ಬಿಟ್ಟ ಗಾಳಿಯ ಜಾಡು ಹಿಡಿದು ದೂರದಿಂದ ಹೊರಡುತ್ತದೆ. ಕಪ್ಪು ಬಟ್ಟೆ ಕಂಡರೆ ಅತ್ತ ತಿರುಗುತ್ತದೆ. ಹತ್ತಿರ ಬಂದ ಮೇಲೆ ಬೆವರಿನ ವಾಸನೆ, ಮೈಯ ವಾಸನೆ, ಅದು ಒಬ್ಬೊಬ್ಬರದು ಒಂದೊಂದು ತರಹ. ಕೊನೆಗೆ ಮೈಯ ಕಾವು. ಬಸುರಿ ಹೆಂಗಸಿನ ಉಸಿರೂ ಹೆಚ್ಚು, ಮೈ ಕಾವೂ ಹೆಚ್ಚು, ಅದಕ್ಕೇ ಅವರನ್ನು ಬೇಗ ಹುಡುಕಿಕೊಳ್ಳುತ್ತದೆ. ಇಷ್ಟೆಲ್ಲವನ್ನೂ ಎಳ್ಳುಕಾಳಿಗಿಂತ ಚಿಕ್ಕ ತಲೆಯಲ್ಲಿ ಇಟ್ಟುಕೊಂಡು ಕತ್ತಲು ಕೋಣೆಯಲ್ಲಿ ಬೇಕಾದವರ ಕಣಕಾಲನ್ನೇ ಹುಡುಕುತ್ತದಲ್ಲ, ಅದಕ್ಕೆ ಕೈ ಮುಗಿಯಬೇಕು. ಜೀವನವೆಲ್ಲ ಅದನ್ನು ಕೊಲ್ಲಿಸುವ ಕೆಲಸ ಮಾಡಿದವನು ನಾನು. ಆದರೂ ಶತ್ರುವಿನ ಬುದ್ಧಿಯನ್ನು ಮೆಚ್ಚದೆ ಇರುವುದಕ್ಕೆ ಆಗಲಿಲ್ಲ.

ನಮ್ಮ ವಿಧಾನಗಳೂ ಬದಲಾದವು. ಮೊದಲು ಗೋಡೆಗಳಿಗೆ ಔಷಧಿ ಹೊಡೆಯುತ್ತಿದ್ದೆವು. ಹೆಂಗಸರು, ಹೊಸದಾಗಿ ಸುಣ್ಣ ಬಳಿದ ಗೋಡೆ ಕೆಡುತ್ತದೆ ಎಂದು ಬಾಗಿಲಿಗೇ ಅಡ್ಡ ನಿಲ್ಲುತ್ತಿದ್ದರು. ಆಮೇಲೆ ಹೊಗೆ ಯಂತ್ರ ಬಂತು. ಅದರಷ್ಟು ಜನಪ್ರಿಯವಾದ ವಸ್ತುವನ್ನು ನಮ್ಮ ಇಲಾಖೆ ಮತ್ತೆ ಕಂಡಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಒಬ್ಬ ಪುಢಾರಿ, ತನ್ನ ಮನೆ ಮುಂದೆ ಎರಡು ಸಲ ಹೊಗೆ ಬಿಡಿಸಿಕೊಂಡು, ಹೊಗೆಯೊಳಗೆ ನಿಂತು ಫೋಟೊ ತೆಗೆಸಿಕೊಂಡ. ಅವನ ಮನೆ ಮಾಳಿಗೆಯ ಮೇಲಿದ್ದ ಹಳೇ ಟೈರುಗಳಲ್ಲಿ ಸೊಳ್ಳೆ ಮರಿಗಳು ಈಜುತ್ತಿದ್ದವು. ಟೈರು ತೆಗೆಸಿ ಸ್ವಾಮಿ ಎಂದರೆ, "ಅದೆಲ್ಲ ಆಮೇಲೆ ನೋಡೋಣ, ಇನ್ನೊಂದು ಸಲ ಒಗೆ ಬಿಡ್ರಿ" ಅಂದ. ಹೊಗೆ ಕಣ್ಣಿಗೆ ಕಾಣುತ್ತದೆ. ಡ್ರಮ್ಮು ತಿಕ್ಕುವುದು ಯಾರ ಕಣ್ಣಿಗೂ ಕಾಣುವುದಿಲ್ಲ, ಅದನ್ನು ಮಾಡುವವರಿಗೆ ಫೋಟೊ ಇಲ್ಲ.

ಡ್ರಮ್ಮು ತಿಕ್ಕಿದ ಒಬ್ಬ ಹೆಂಗಸಿನ ಕಥೆಯನ್ನು ಹೇಳಲೆಂದೇ ನಾನು ಈ ಬರಹಕ್ಕೆ ಕೂತದ್ದು.

ಕ್ಯಾಸಂಬಳ್ಳಿಯ ಹತ್ತಿರದ ಒಂದು ಹಳ್ಳಿ. ಅಲ್ಲಿನ ಆಶಾ ಕಾರ್ಯಕರ್ತೆ ಫೋನ್ ಮಾಡಿ, ಒಂದು ಬೀದಿಯಲ್ಲಿ ಡೆಂಗಿ ಜ್ವರ ಖಚಿತವಾಗಿದೆ, ಪಕ್ಕದ ಮನೆಯಲ್ಲೇ ಬಸುರಿ ಇದ್ದಾಳೆ, ಬೇಗ ಬನ್ನಿ ಎಂದಳು. ಸಾರ್‌ಗೆ ಅದು ಸೇವೆಯ ಕೊನೆಯ ವರ್ಷ. ಇಬ್ಬರೂ ನನ್ನ ಬೈಕಿನಲ್ಲಿ ಹೋದೆವು.

ಆ ಬಸುರಿ ಸುಜಾತ. ಹಿಂದಿನ ಸಲ ಆರು ತಿಂಗಳಲ್ಲಿ ಜ್ವರ ಬಂದು ಹೊಟ್ಟೆಯಲ್ಲಿದ್ದದ್ದು ಉಳಿದಿರಲಿಲ್ಲ. ಈಗ ಮತ್ತೆ ಅದೇ ಆರು ತಿಂಗಳು. ಗಂಡ ಕೆಜಿಎಫ್‌ನ ಒಂದು ಗ್ಯಾರೇಜಿಗೆ ಬೆಳಿಗ್ಗೆಯೇ ಹೋಗುತ್ತಿದ್ದ. ಮನೆಯಲ್ಲಿ ಅತ್ತೆ ಮುನಿವೆಂಕಟಮ್ಮ, ಎರಡು ಸೀಮೆಹಸು, ಸುಜಾತ. ಡೇರಿಗೆ ಹಾಲು ಹಾಕುವುದು, ಹುಲ್ಲು ತರುವುದು, ಸೊಸೆಯನ್ನು ಕಾಯುವುದು, ಎಲ್ಲವೂ ಆ ಅತ್ತೆಯದೇ.

ಬಾಗಿಲಲ್ಲೇ ಮುನಿವೆಂಕಟಮ್ಮ ನಮ್ಮನ್ನು ತಡೆದಳು. "ನಮ್ಮನೇಲಿ ಸೊಳ್ಳೆ ಇಲ್ಲ ಸಾಮಿ. ನಂಗೆ ಒಂದೂ ಕಚ್ಚಾಕಿಲ್ಲ. ಇವಳ್ದು ಸೀ ರಕ್ತ, ಎಲ್ಲಿದ್ರೂ ಇವಳ್ನೇ ಉಡುಕ್ಕೊಂಡು ಬತ್ತವೆ. ಅದ್ಕೇ ನಾನು ಭದ್ರ ಮಾಡಿವ್ನಿ, ನೋಡು ಬಾ."

ಒಳಗೆ ಹೋಗಿ ನೋಡಿದೆವು. ನಡುಮನೆಯ ಆಚೆ ಕಿಟಕಿ ಇಲ್ಲದ ಸಣ್ಣ ಕೋಣೆ. ಗೋಡೆಯ ಉದ್ದಕ್ಕೂ ನೀರಿನ ಡ್ರಮ್ಮುಗಳು. ಆ ಡ್ರಮ್ಮುಗಳ ಪಕ್ಕ, ಮೂಲೆಯಲ್ಲಿ, ಮಂಚದ ಮೇಲೆ ಸುಜಾತ ಕೂತಿದ್ದಳು. ತಲೆಯಿಂದ ಮೊಣಕಾಲವರೆಗೆ ಕರೀ ಕಂಬಳಿ ಹೊದಿಸಲಾಗಿತ್ತು. ಬೇಸಿಗೆಯ ಸೆಕೆಯಲ್ಲಿ ಆ ಹುಡುಗಿ ಬೆವೆತು ತೊಪ್ಪೆಯಾಗಿದ್ದಳು. ಕಂಬಳಿಯ ಕೆಳಗೆ ಇಳಿಬಿಟ್ಟ ಪಾದ, ಕಣಕಾಲು ತುಂಬ ದದ್ದು.

ಬೀದಿಯ ಜನರ ಕಣ್ಣು ಬೀಳಬಾರದು ಎಂದು ಕತ್ತಲು ಕೋಣೆ. ಸೆಕೆ ಆಗಬಾರದು ಎಂದು ತಂಪಾದ ಡ್ರಮ್ಮಿನ ಪಕ್ಕ. ಸೊಳ್ಳೆ ಕಚ್ಚಬಾರದು ಎಂದು ದಪ್ಪನೆಯ ಕರೀ ಕಂಬಳಿ. ಹಗಲು ಕಚ್ಚುವ ಡೆಂಗಿ ಸೊಳ್ಳೆಗೆ ಬೇಕಾದದ್ದು ಕತ್ತಲು ಮೂಲೆ, ಪಕ್ಕದಲ್ಲೇ ನೀರು, ಕಪ್ಪು ಬಟ್ಟೆ, ಬೆವರು, ಕಾವು. ಪ್ರೀತಿಯಿಂದ ಒಂದನ್ನೂ ಬಿಡದೆ ಆಕೆ ಒಟ್ಟುಮಾಡಿ ಕೊಟ್ಟಿದ್ದಳು. ನನಗೆ ನಮ್ಮವ್ವನ ಬೇವಿನೆಣ್ಣೆ ನೆನಪಾಯಿತು. ಅವ್ವನ ಪ್ರೀತಿ ನನ್ನ ಕೆಲಸ ಕೆಡಿಸಿತ್ತು, ಅಷ್ಟೆ. ಇಲ್ಲಿ ಎರಡು ಜೀವ ಇದ್ದವು.

ಸಾರ್ ಬೈಯಲಿಲ್ಲ. ಮುನಿವೆಂಕಟಮ್ಮನ ಪಕ್ಕ ನೆಲದ ಮೇಲೆ ಕೂತು, ಹಸು ಎಷ್ಟು ಕರೆಯುತ್ತದೆ, ನೀರಿನ ಟ್ಯಾಂಕರ್ ಯಾವಾಗ ಬರುತ್ತದೆ ಎಂದು ಮಾತಾಡಿಸತೊಡಗಿದರು. ಮಾತಾಡುತ್ತಲೇ ನನಗೆ ಕಣ್ಣಲ್ಲಿ ತೋರಿಸಿದರು. ಆಕೆಯ ಮೊಣಕೈ ಹಿಂದೆ, ಕಾಲಲ್ಲಿ ಬಿಳಿ ಪಟ್ಟೆ ಇರುವ ಸೊಳ್ಳೆಯೊಂದು ಕೂತು ಕುಡಿಯುತ್ತಿತ್ತು. ಆಕೆಗೆ ಅದರ ಪರಿವೆಯೇ ಇರಲಿಲ್ಲ. ನಾನು ಕೊಳವೆ ಹಿಡಿದು ಎಳೆದೆ. ಸಾರ್ ಕೊಳವೆಯನ್ನು ಬಾಗಿಲ ಬೆಳಕಿಗೆ ಹಿಡಿದು ಆಕೆಗೆ ತೋರಿಸಿದರು.

"ಹೊಟ್ಟೆ ನೋಡಮ್ಮಾ, ಕೆಂಪಗಿದೆಯಲ್ಲ. ಅದು ನಿನ್ನ ರಕ್ತ. ಈಗ ತಾನೆ ನಿನ್ನ ಮೊಣಕೈಲಿ ಕುಡಿದದ್ದು."

ಮುನಿವೆಂಕಟಮ್ಮ ಮೊಣಕೈ ತಿರುಗಿಸಿ ನೋಡಿಕೊಂಡಳು, ಉಜ್ಜಿಕೊಂಡಳು. ದದ್ದು ಇಲ್ಲ, ನವೆ ಇಲ್ಲ.

"ನಂಗೂ ಇಂಗೇನೇ ಅಮ್ಮಾ" ಎಂದರು ಸಾರ್. "ಕಚ್ಚುತ್ತವೆ, ಗೊತ್ತಾಗಲ್ಲ. ಸೊಳ್ಳೆ ಇರೋದು ನಿನ್ನ ಸೊಸೆ ರಕ್ತದಲ್ಲಲ್ಲ. ಈ ಕೋಣೇಲಿ."

ಆಕೆ ಕೊಳವೆಯೊಳಗಿನ ಸೊಳ್ಳೆಯನ್ನು ನೋಡುತ್ತ, "ಅಂಗಾದ್ರೆ ನಾನೇ ಇವಳ್ನ ಅವುಗಳ ಮಡ್ಲಿಗೆ ಆಕಿದ್ನಾ" ಎಂದು ಕೇಳಿದಳು. ಸಾರ್ "ಡ್ರಮ್ಮು ನೋಡೋಣ ಬಾ" ಎಂದು ಎದ್ದರು.

ಡ್ರಮ್ಮಿನ ನೀರು ನೋಡಿದರೆ ತಿಳಿಯಾಗಿತ್ತು. ಪ್ರತಿ ಶುಕ್ರವಾರ ಆಕೆ ನೀರು ಬದಲಾಯಿಸುತ್ತಿದ್ದಳು. ಹೇಗೆಂದರೆ, ಈ ಡ್ರಮ್ಮಿನದು ಆ ಡ್ರಮ್ಮಿಗೆ, ಆ ಡ್ರಮ್ಮಿನದು ಇದಕ್ಕೆ. ಟ್ಯಾಂಕರ್ ಯಾವಾಗ ಬರುತ್ತದೋ ಗೊತ್ತಿಲ್ಲದ ಊರಲ್ಲಿ ನೀರನ್ನು ಚೆಲ್ಲುವ ಕೈ ಯಾರಿಗಿದೆ? ಆದರೆ ಆ ಸೊಳ್ಳೆ ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೀರಿನ ಅಂಚಿಗೆ ಡ್ರಮ್ಮಿನ ಗೋಡೆಗೆ ಅಂಟಿಸಿ. ನೀರು ಎಷ್ಟು ಸಲ ಜಾಗ ಬದಲಿಸಿದರೂ ಮೊಟ್ಟೆ ಅಲ್ಲೇ ಇರುತ್ತದೆ. ಸಾರ್ ಟಾರ್ಚು ಬಿಟ್ಟು ತಳದಲ್ಲಿ ತೋರಿಸಿದರು. ಸೊಳ್ಳೆ ಮರಿಗಳು ತಲೆಕೆಳಗಾಗಿ ಕುಣಿಯುತ್ತಿದ್ದವು.

"ನೀರು ಚೆಲ್ಲು ಅಂತ ನಾನು ಏಳಲ್ಲಮ್ಮಾ" ಎಂದರು. "ಪಂಚೇಲಿ ಸೋಸಿ ಬೇರೆ ಪಾತ್ರೆಗೆ ಉಯ್ಕೋ. ಡ್ರಮ್ಮು ಮಾತ್ರ ಒಳಗೆಲ್ಲ ತಿಕ್ಕಿ ಬಿಸಿಲಿಗೆ ಕವುಚಾಕು. ಒಣಗಿದ ಮೇಲೆ ನೀರು ತುಂಬಿ ಬಟ್ಟೆ ಬಿಗಿ."

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತೆಂಗಿನ ನಾರು, ಬೂದಿ ತಂದು ಡ್ರಮ್ಮಿನೊಳಗೆ ಅರ್ಧ ಮೈ ಇಳಿಸಿ ತಿಕ್ಕಿದಳು. ನಾನೂ ಒಂದು ಹಿಡಿದೆ, ಆಕೆಗೆ ನನ್ನ ತಿಕ್ಕಾಟ ಒಪ್ಪಿಗೆಯಾಗಲಿಲ್ಲ. "ಗಂಡಸ್ರ ಕೆಲ್ಸ, ಬಿಡು ಸಾಮಿ" ಎಂದು ಕಿತ್ತುಕೊಂಡು ಮತ್ತೆ ತಿಕ್ಕಿದಳು. ಸುಜಾತಳನ್ನು ಮುಂದಿನ ಕೋಣೆಗೆ, ಬೆಳಕಿಗೆ, ಫ್ಯಾನಿನ ಕೆಳಗೆ ತಂದು, ಕಪ್ಪು ಬಟ್ಟೆ, ಕಾವು, ಬೆವರು ಕಂಡರೆ ಸೊಳ್ಳೆ ಬರುತ್ತದೆ ಎಂದು ಅತ್ತೆಗೆ ಬಿಡಿಸಿ ಹೇಳಿ, ತೆಳುಬಣ್ಣದ ಸೀರೆ ಉಡಿಸಲು ಹೇಳಿದೆವು. ಹಗಲಲ್ಲೂ ಪರದೆ ಕಟ್ಟಿಸಿದೆವು. ಸಂಜೆಯ ಹೊತ್ತಿಗೆ ಮುನಿವೆಂಕಟಮ್ಮ ಆ ಬೀದಿಯ ಮನೆಮನೆಗೂ ಹೋಗಿ, "ನಿಮ್ ಡ್ರಮ್ಮಿನ ಅಂಚು ತೋರ್ಸು" ಎಂದು ಜಗಳಕ್ಕೆ ನಿಂತಿದ್ದಳು. ನಾವು ವರ್ಷಗಟ್ಟಲೆ ಭಾಷಣ ಮಾಡಿ ಆಗದ್ದು ಅವಳ ಬಾಯಿಗೆ ಹೆದರಿ ಒಂದೇ ಸಂಜೆ ಆಯಿತು.

ಕೆಲವು ದಿನ ಬಿಟ್ಟು ನೋಡಿಕೊಂಡು ಬರಲು ಮತ್ತೆ ಹೋದೆವು. ಮಧ್ಯಾಹ್ನದ ಬಿಸಿಲು. ಸುಜಾತ ಮುಂದಿನ ಕೋಣೆಯಲ್ಲಿ ಪರದೆಯೊಳಗೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು, ಕಾಲು ವಾಸಿಯಾಗಿತ್ತು. ಅತ್ತೆ ಎಲ್ಲಿ ಎಂದರೆ ಒಳಗೆ ಕೈ ತೋರಿಸಿ, "ನೀವೇ ಓಗಿ ಏಳಿ ಸಾರ್, ನನ್ ಮಾತು ಕೇಳಾಕಿಲ್ಲ" ಎಂದಳು.

ಡ್ರಮ್ಮಿನ ಕೋಣೆಯ ಬಾಗಿಲಲ್ಲಿ ಮುನಿವೆಂಕಟಮ್ಮ ಆ ಕರೀ ಕಂಬಳಿಯನ್ನು ಹೊದ್ದುಕೊಂಡು ಕೂತಿದ್ದಳು. ಹಣೆಯಿಂದ ಬೆವರು ಇಳಿಯುತ್ತಿತ್ತು. ಕಾಲು, ಕೈ ಬರಿದಾಗಿ ಬಿಟ್ಟುಕೊಂಡಿದ್ದಳು.

"ಇದೇನಮ್ಮಾ" ಎಂದೆ.

"ನೀವೇ ತಾನೆ ಏಳಿದ್ದು ಸಾಮಿ, ಕರ್ರಗಿರೋದು, ಬಿಸಿಗಿರೋದು, ಬೆವ್ತಿರೋದು ಕಂಡ್ರೆ ಬತ್ತವೆ ಅಂತ. ಡ್ರಮ್ಮು ತಿಕ್ಕಾಯ್ತು. ಇನ್ನೂ ಅಲ್ಲೊಂದು ಇಲ್ಲೊಂದು ಆರಾಡ್ತಾವೆ. ಅವು ಅವಳ್ ತಾವ್ಕೆ ಯಾಕೆ ಓಗ್ಬೇಕು? ನನ್ ತಾವ್ಕೆ ಬರ್ಲಿ."

ನಾನು ಜೀವಮಾನವಿಡೀ ಕಾಲು ಮಡಚಿ ಕೂತದ್ದು ನೌಕರಿಗಾಗಿ, ಪಕ್ಕದಲ್ಲಿ ಕೊಳವೆ ಹಿಡಿದವನೊಬ್ಬ ಇರುತ್ತಿದ್ದ. ಈ ಹೆಂಗಸು ಯಾರೂ ಹೇಳದೆ, ಯಾರೂ ಕಾಯದೆ, ತಾನೇ ಬಂದು ಕೂತಿದ್ದಳು. ನಾವು ಹೇಳಿಕೊಟ್ಟ ಪಾಠವನ್ನು ಅಷ್ಟು ಪೂರ್ತಿಯಾಗಿ ಕಲಿತವರನ್ನು ನಾನು ನೋಡಿರಲಿಲ್ಲ.

ಅವತ್ತು ಸಾರ್ ಬಾಯಲ್ಲಿ ತೆಲುಗು ಬಂತು. "ಏಮ್ಮಾ, ನೀಕು ಬುದ್ಧಿ ಉಂದಾ?"

"ಬುದ್ಧಿ ಇರೋದ್ಕೇ ಕೂತಿರೋದು ಸಾಮಿ" ಎಂದಳು ಆಕೆ, ತಣ್ಣಗೆ.

ಸಾರ್ ಅವಳ ಎದುರು ಕುಕ್ಕರುಗಾಲಲ್ಲಿ ಕೂತು ಕನ್ನಡಕ್ಕೆ ಬಂದರು. "ಕೇಳಮ್ಮಾ. ನಿನ್ನ ಕಚ್ಚಿದ ಸೊಳ್ಳೆ ಅಲ್ಲಿಗೇ ನಿಲ್ಲಲ್ಲ. ಪಕ್ಕದ ಮನೇಲಿ ಜ್ವರ ಇದೆ. ಅದು ನಿಂಗೂ ಬಂತು ಅಂತ ಇಟ್ಕೋ. ಆಗ ನಿನ್ನ ರಕ್ತ ಕುಡಿದ ಸೊಳ್ಳೆ ಒಂದಿಷ್ಟು ದಿನ ಬಿಟ್ಟು ಅವಳನ್ನ ಕಚ್ಚಿದ್ರೆ, ಜ್ವರ ಅವಳಿಗೆ ಕೊಟ್ಟವಳು ನೀನೇ ಆಗ್ತೀಯ."

ಅವಳ ಮುಖ ಕಳೆಗುಂದಿದ್ದನ್ನು ನಾನು ನೋಡಿದೆ. ಕಂಬಳಿಯನ್ನು ಮೈಮೇಲಿಂದ ತೆಗೆದು ಮಡಚಿದಳು. ಮಡಚಿ ಅದರ ಮೇಲೆ ಕೈ ಇಟ್ಟುಕೊಂಡು, "ಜ್ವರ ಬಂದ್ರೆ ಏನ್ಮಾಡ್ಬೇಕು" ಎಂದು ಕೇಳಿದಳು. ಜ್ವರ ಬಂದ ಮೊದಲ ದಿನವೇ ಪರದೆಯೊಳಗೆ ಇರಬೇಕು, ಹಗಲೂ ರಾತ್ರಿ, ಸೊಳ್ಳೆ ಮುಟ್ಟಬಾರದು ಎಂದು ಸಾರ್ ಹೇಳಿದರು. ಆಕೆ ನನ್ನ ಫೋನ್ ನಂಬರನ್ನು ಸೊಸೆಯ ಕೈಯಿಂದ ಗೋಡೆಯ ಮೇಲೆ ಬರೆಸಿಕೊಂಡಳು.

ಆ ವಾರ ಕಳೆಯುವುದರೊಳಗೆ, ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಫೋನ್ ಬಂತು.

"ಸಾಮಿ, ಮೈ ಕಾಯ್ತಾ ಐತೆ. ನನ್ನ ಇಲ್ಲಿಂದ ಎತ್ತಾಕು."

ಒಂದು ಆಟೋ ಮಾಡಿಕೊಂಡು ಹೋದೆ. ಮುನಿವೆಂಕಟಮ್ಮ ಮನೆಯಲ್ಲಿರಲಿಲ್ಲ. ಊರ ಹೊರಗೆ, ಬಸ್ಸು ನಿಲ್ಲುವ ಕಡೆ, ಬಯಲಲ್ಲಿ ಬಿಸಿಲಿಗೆ ನಿಂತಿದ್ದಳು. ಜ್ವರದಲ್ಲಿ ಮೈ ನಡುಗುತ್ತಿತ್ತು. ಮೈ ಬಿಸಿ ಎಂದು ಗೊತ್ತಾದ ಕೂಡಲೇ ಮಗನಿಗೆ ಹಸುಗಳನ್ನು ಒಪ್ಪಿಸಿ, ಪಕ್ಕದ ಮನೆಯವರ ಫೋನಿನಿಂದ ನನಗೆ ಹೇಳಿ, ಮನೆಯ ಸೊಳ್ಳೆ ತನ್ನನ್ನು ಮುಟ್ಟುವ ಮುಂಚೆ ಹೊಸ್ತಿಲು ದಾಟಿ ಬಂದುಬಿಟ್ಟಿದ್ದಳು. ಆಟೋ ಹತ್ತಿ ಕೂತವಳು ಊರ ಕಡೆ ತಿರುಗಿ ನೋಡಲಿಲ್ಲ.

ಕೆಜಿಎಫ್ ಆಸ್ಪತ್ರೆಯಲ್ಲಿ ಪರದೆಯೊಳಗೆ ಮಲಗಿಸಿದರು. ಡೆಂಗಿಯೇ ಆಗಿತ್ತು. ಮೂಳೆ ಮುರಿಯುವ ಹಾಗೆ ನೋವು, ಕಣ್ಣು ತೆರೆಯುವುದಕ್ಕೆ ಆಗುತ್ತಿರಲಿಲ್ಲ. ನಾನು ಪ್ರತಿದಿನ ಬೆಳಿಗ್ಗೆ ಹಳ್ಳಿಗೆ ಹೋಗಿ ಸುಜಾತಳಿಗೆ ಜ್ವರ ಇದೆಯೇ ಎಂದು ನೋಡಿ, ಡ್ರಮ್ಮು ನೋಡಿ, ಅಲ್ಲಿಂದ ಆಸ್ಪತ್ರೆಗೆ ಬರುತ್ತಿದ್ದೆ. ನನ್ನ ಚಪ್ಪಲಿಯ ಸದ್ದು ಕೇಳಿದರೆ ಪರದೆಯೊಳಗಿಂದ ಒಂದೇ ಪ್ರಶ್ನೆ.

"ಅವಳ ಮೈ ಎಂಗೈತೆ?"

"ತಣ್ಣಗೈತೆ ಕಣಮ್ಮ."

ಅಷ್ಟು ಕೇಳಿ ಮಗ್ಗುಲಾಗುತ್ತಿದ್ದಳು. ಒಂದು ದಿನ ಪ್ಲೇಟ್‌ಲೆಟ್ ಬಹಳ ಇಳಿದು, ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಮಗನಿಗೆ ಹೇಳಿಬಿಡಿ ಎಂದರು. ಮಗನ ಜೊತೆ ತಾನೂ ಹೋಗಿ ನೋಡಬೇಕೆಂದು ಸುಜಾತ ಅತ್ತಳಂತೆ. ಮುನಿವೆಂಕಟಮ್ಮ ಆ ಸ್ಥಿತಿಯಲ್ಲೂ ಸುದ್ದಿ ತಿಳಿದು, "ಅವಳು ಬಂದ್ರೆ ನಾನು ಇಲ್ಲಿಂದ ಎದ್ದು ಓಯ್ತೀನಿ" ಎಂದಳು. ಎದ್ದು ಕೂರುವ ಶಕ್ತಿಯೂ ಆಕೆಗಿರಲಿಲ್ಲ. ಆದರೂ ಎಲ್ಲರೂ ಹೆದರಿ ಸುಜಾತಳನ್ನು ಬರದಂತೆ ತಡೆದರು.

ಆ ದಿನ ಸಾರ್ ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ನನ್ನ ಜೊತೆ ಕೂತಿದ್ದರು. "ನಾನು ಅವಳಿಗೆ ಅಷ್ಟು ಬಿಡಿಸಿ ಏಳಬಾರ್ದಿತ್ತೇನೋ ಪಾ" ಎಂದರು. ಹೇಳದೆ ಇದ್ದಿದ್ದರೆ ಅವಳು ಮನೆಯಲ್ಲೇ ಮಲಗಿರುತ್ತಿದ್ದಳು ಸಾರ್ ಎಂದೆ. ಅವರು ಕನ್ನಡಕ ಒರೆಸಿಕೊಂಡು ಒಳಗೆ ಹೋದರು.

ಮುನಿವೆಂಕಟಮ್ಮ ಗೆದ್ದಳು. ಪ್ಲೇಟ್‌ಲೆಟ್ ಏರಿತು, ಜ್ವರ ಬಿಟ್ಟಿತು. ಆಕೆಯನ್ನು ಕಚ್ಚಿದ ಸೊಳ್ಳೆಯಿಂದ ಸೊಸೆಗೆ ಇನ್ನು ಅಪಾಯವಿಲ್ಲ ಎಂದು ನಾವು ಖಚಿತ ಮಾಡಿದ ಮೇಲೆಯೇ ಮನೆಗೆ ಬರಲು ಒಪ್ಪಿದಳು. ಒಳಗೆ ಬಂದವಳು ಮೊದಲು ಸೊಸೆಯ ಹಣೆ ಮುಟ್ಟಿ ನೋಡಿದಳು, ಆಮೇಲೆ ಡ್ರಮ್ಮಿನ ಅಂಚು ಮುಟ್ಟಿ ನೋಡಿದಳು. "ನಂಗೆ ಬಂತಲ್ಲ, ಓಗ್ಲಿ ಬಿಡು. ಅವಳ್ಗ್ ಬರ್ಲಿಲ್ವಲ್ಲ" ಎಂದಳು ನನಗೆ. ತಿಂಗಳು ತುಂಬಿ ಸುಜಾತಳಿಗೆ ಹೆಣ್ಣು ಮಗುವಾಯಿತು.

ಸಾರ್ ಆ ವರ್ಷವೇ ನಿವೃತ್ತರಾದರು. ನನ್ನ ಸರದಿ ಕೆಲವು ವರ್ಷ ಬಿಟ್ಟು ಬಂತು. ಬಂಗಾರಪೇಟೆಯಲ್ಲಿ ಒಂದು ಸಣ್ಣ ಸಮಾರಂಭ, ಹಾರ, ಶಾಲು, ಹಣ್ಣಿನ ಬುಟ್ಟಿ, ನಾಲ್ಕು ಒಳ್ಳೆಯ ಮಾತು. ಎಲ್ಲ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಮುನಿವೆಂಕಟಮ್ಮ ಎದ್ದು ಬಂದಳು. ಒಂದು ಕೈಯಲ್ಲಿ ಮೊಮ್ಮಗಳು, ಕಂಕುಳಲ್ಲಿ ಮಡಚಿದ ಆ ಕರೀ ಕಂಬಳಿ. ನಮ್ಮ ಕಡೆ ದೊಡ್ಡವರಿಗೆ ಮರ್ಯಾದೆ ಮಾಡುವಾಗ ಕಂಬಳಿ ಹೊದಿಸುತ್ತಾರೆ. ಆಕೆ ಮೊಮ್ಮಗಳ ಕೈ ಬಿಟ್ಟು, ಕಂಬಳಿ ಬಿಡಿಸಿ, ಶಾಲಿನ ಮೇಲೆಯೇ ನನ್ನ ಹೆಗಲಿಗೆ ಹೊದಿಸಿದಳು.

"ಅಮ್ಮಾ, ಇದು ಹೊದ್ಕೊಂಡ್ರೆ ಇದ್ದ ಸೊಳ್ಳೆಯೆಲ್ಲ ನನ್ನ ಹತ್ರಾನೇ ಬತ್ತವೆ" ಎಂದೆ, ನಗಿಸುವುದಕ್ಕೆ.

ಆಕೆ ನಗಲಿಲ್ಲ. ಮಗುವಿನ ತಲೆ ಸವರುತ್ತ, "ಬರ್ಲಿ ಸಾಮಿ. ನಿನ್ ತಾವ್ಕೆ ಬಂದಷ್ಟೂ ಇವಳ್ ತಾವ್ಕೆ ಕಮ್ಮಿ" ಎಂದಳು.

ಮುಂದಿನ ಸಾಲಿನಲ್ಲಿ ಆರೋಗ್ಯಸ್ವಾಮಿ ಸಾರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಬೇಸಿಗೆ, ಮೇಲೆ ಫ್ಯಾನ್ ಇರಲಿಲ್ಲ, ನಾನು ಬೆವರುತ್ತಿದ್ದೆ. ಆ ಕಂಬಳಿಯನ್ನು ಸಮಾರಂಭ ಮುಗಿಯುವ ತನಕ ನಾನು ತೆಗೆಯಲಿಲ್ಲ.